ಸಾಯದ ಇಲಿಗಳು

“ಶಿವರಾತ್ರಿಯಿಂದ ಯುಗಾದಿ ತನಕ ಒಂದು ಇಲಿನೂ ಸಾಯ್ಲಿಲ್ಲಮ್ಮ,” ಎಂದಳು ಚಿಕ್ಕಗಂಗಮ್ಮ. ಹೇಳುವಾಗ ಅವಳ ಮುಖದಲ್ಲಿ ಸಣ್ಣದೊಂದು ಸಂತೋಷವೇ ಇತ್ತು.

ಸಬ್ ಇನ್‌ಸ್ಪೆಕ್ಟರ್ ತ್ರಿವೇಣಿ ಕೈಲಿದ್ದ ಕಾಗದದಿಂದ ತಲೆಯೆತ್ತಿದಳು. ಮಾಲೂರಿನ ಲಸಿಕೆ ಕಾರ್ಖಾನೆಯ ಹಿಂಭಾಗದಲ್ಲಿ, ಸತ್ತ ಇಲಿಗಳನ್ನು ಸುಡುವ ಕುಲುಮೆಯ ಮುಂದೆ ಇಬ್ಬರೂ ನಿಂತಿದ್ದರು. ಹತ್ತೊಂಬತ್ತು ವರ್ಷದಿಂದ ಪ್ರಯೋಗದ ಬಿಳಿ ಇಲಿಗಳಿಗೆ ಮೇವು ನೀರು ಇಟ್ಟು, ಗೂಡು ತೊಳೆದು, ಸತ್ತವನ್ನು ಬಕೆಟ್ಟಿಗೆ ತುಂಬಿ ಇಲ್ಲಿಗೆ ತಂದು ಸುರಿಯುತ್ತಿದ್ದವಳು ಚಿಕ್ಕಗಂಗಮ್ಮ.

ನಾಯಿ ಕಚ್ಚಿದ ಎಂಟು ವರ್ಷದ ಮೇಘನ, ಲಸಿಕೆ ಹಾಕಿಸಿಕೊಂಡೂ ಹುಚ್ಚುನಾಯಿ ರೋಗದಿಂದ ಸತ್ತು ಏಳು ವಾರವಾಗಿತ್ತು. ಆ ಲಸಿಕೆಯ ಬಲ ಪರೀಕ್ಷಿಸಿದ ವಿಜ್ಞಾನಿ ಡಾ. ಆವಲಪ್ಪ “ಮಗುವಿನ ಸಾವಿಗೆ ನಾನೇ ಹೊಣೆ” ಎಂದು ಒಂದೇ ಸಾಲು ಬರೆದು ಠಾಣೆಗೆ ಕಳಿಸಿ ಮೂರು ದಿನವಾಗಿತ್ತು. ಏನು ತಪ್ಪು, ಹೇಗಾಯಿತು ಎಂಬುದು ಆ ಸಾಲಿನಲ್ಲಿ ಇರಲಿಲ್ಲ.

“ನಿಂಗೆ ಹೆಂಗೆ ಅಷ್ಟು ನೆನಪು?” ಎಂದು ತ್ರಿವೇಣಿ ಕೇಳಿದಳು.

ಚಿಕ್ಕಗಂಗಮ್ಮ ಕುಲುಮೆಯ ಪಕ್ಕದ ಗೋಡೆ ತೋರಿಸಿದಳು. ಹೊಗೆ ಹಿಡಿದ ಸುಣ್ಣದ ಮೇಲೆ ಸಾಲು ಸಾಲು ಇದ್ದಿಲಿನ ಗೀಟು. ಓದು ಬರಹ ಕಾಣದ ಅವಳು ಒಂದು ಬಕೆಟ್ಟಿಗೆ ಒಂದು ಗೀಟು ಹಾಕುತ್ತಿದ್ದಳು. ಹಬ್ಬ ಬಂದಾಗ ಒಂದು ಸೊನ್ನೆ. ಯಾರೂ ಹೇಳಿದ್ದಲ್ಲ. ಅಷ್ಟು ಜೀವ ಕೈಯಾರೆ ಬೆಂಕಿಗೆ ಹಾಕುವಾಗ ಎಷ್ಟು ಅಂತಲಾದರೂ ತನಗೆ ಗೊತ್ತಿರಲಿ ಅನ್ನಿಸಿತಂತೆ.

ಶಿವರಾತ್ರಿಯ ಸೊನ್ನೆಗೂ ಯುಗಾದಿಯ ಸೊನ್ನೆಗೂ ನಡುವೆ ಗೋಡೆ ಖಾಲಿಯಾಗಿತ್ತು.

ತ್ರಿವೇಣಿಯ ಕೈಲಿದ್ದದ್ದು ಅದೇ ಮಾರ್ಚ್ ತಿಂಗಳ ಪರೀಕ್ಷಾ ವರದಿ. ಮೇಘನಳಿಗೆ ಚುಚ್ಚಿದ ಬ್ಯಾಚಿನದು. ಒಟ್ಟು ಅರವತ್ತೊಂದು ಇಲಿ ಸತ್ತಿವೆ ಎಂದು ಅದರಲ್ಲಿ ದಿನ, ಗುಂಪು, ಗೂಡಿನ ಸಂಖ್ಯೆ ಸಮೇತ ಬರೆದಿತ್ತು. ಕೆಳಗೆ ಆವಲಪ್ಪನವರ ಸಹಿ.

ಆ ಪರೀಕ್ಷೆ ಹೇಗೆ ನಡೆಯುತ್ತದೆಂದು ಅವಳು ಈ ಆರು ವಾರದಲ್ಲಿ ಕೇಳಿ ತಿಳಿದಿದ್ದಳು. ಕೆಲವು ಇಲಿಗಳಿಗೆ ಲಸಿಕೆ ಕೊಡುತ್ತಾರೆ, ಕೆಲವಕ್ಕೆ ಇಲ್ಲ. ಆಮೇಲೆ ಎಲ್ಲವಕ್ಕೂ ರೋಗದ ವಿಷಾಣು ಏರಿಸಿ ಹದಿನಾಲ್ಕು ದಿನ ಕಾಯುತ್ತಾರೆ. ಎಷ್ಟು ಉಳಿದವು, ಎಷ್ಟು ಹೋದವು ಎಂಬ ಲೆಕ್ಕದಲ್ಲೇ ಲಸಿಕೆಯ ಬಲ ಗೊತ್ತಾಗುವುದು. ಲಸಿಕೆ ಕಾಣದ ಇಲಿಗಳು ಸಾಯಲೇಬೇಕು. ಸಾಯದಿದ್ದರೆ ಪರೀಕ್ಷೆಯೇ ನಡೆದಿಲ್ಲ ಎಂದರ್ಥ.

“ಇಲಿಗಳು ಗೂಡಲ್ಲೇ ಇದ್ವಾ?”

“ಇದ್ವಲ್ಲಮ್ಮ, ಚೆನ್ನಾಗಿ ತಿಂದ್ಕೊಂಡು. ಸಾರು ದಿನಾ ಬರೋರು. ಸೂಜಿ ಪೆಟ್ಟಿಗೆ ತರ್ತಾ ಇರ್ಲಿಲ್ಲ. ಸ್ಟೂಲ್ ಹಾಕ್ಕೊಂಡು ಗೂಡಿನ ಮುಂದೆ ಸುಮ್ನೆ ಕೂತಿರೋರು. ಸಾರಿಗೆ ಮನಸ್ಸು ಕರಗ್ತು ಅನ್ಕೊಂಡೆ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಸಾರು ಕೆಲಸಕ್ಕೆ ಯಾವಾಗ ಬರ್ತಾರಮ್ಮ?”

ಒಳ್ಳೆಯದನ್ನೇ ಹೇಳುತ್ತಿದ್ದೇನೆಂದುಕೊಂಡು ಆ ಹೆಂಗಸು ತನ್ನ ಸಾರಿಗೆ ಕೈಕೋಳ ತೊಡಿಸಿಬಿಟ್ಟಿದ್ದಳು. ಗೋಡೆಯ ಫೋಟೋ ತೆಗೆದುಕೊಂಡು ತ್ರಿವೇಣಿ ಹೊರಬಂದಳು.

ಹೊರಗೆ ಗುಣಮಟ್ಟ ವಿಭಾಗದ ಮುಖ್ಯಸ್ಥ ಕಾಂತರಾಜ್ ಕಾದಿದ್ದರು. ಇಸ್ತ್ರಿ ಮುರಿಯದ ಅಂಗಿ, ಮಾತಿಗೆ ಮುಂಚೆ ನಗು. ಆವಲಪ್ಪನವರ ರಾಜೀನಾಮೆ ಅಂಗೀಕರಿಸಿದ್ದಾಗಿದೆ ಎಂದರು. ಹೆಂಡತಿ ಹೋದ ಮೇಲೆ ಅವರ ತಲೆ ಸ್ತಿಮಿತದಲ್ಲಿರಲಿಲ್ಲ, ಕಾರ್ಖಾನೆಗೂ ಈ ಸಾವಿಗೂ ಸಂಬಂಧ ಹಚ್ಚಬಾರದು ಎಂದರು.

“ಅವರೇ ಒಪ್ಕೊಂಡಿದ್ದಾರಲ್ಲ ಮೇಡಂ. ಇನ್ನೇನು ಹುಡುಕ್ತಿದ್ದೀರಿ?”

“ಮಾರ್ಚಲ್ಲಿ ನೀವು ಎಷ್ಟು ಸಲ ಇಲಿಗಳ ಕೋಣೆಗೆ ಹೋಗಿದ್ರಿ?”

ನಗು ಒಂದು ಗಳಿಗೆ ನಿಂತಿತು. ಅದು ತಮ್ಮ ಕೆಲಸವಲ್ಲ, ತಮಗೆ ಕಾಗದ ಬಂದರೆ ಸಾಕು ಎಂದರು ಕಾಂತರಾಜ್. ಅರವತ್ತೊಂದು ಸಾವು ಕಾಗದದ ಮೇಲೇ ನಡೆದುಹೋದರೂ ಗೊತ್ತಾಗದ ಮನುಷ್ಯ, ಅಥವಾ ಗೊತ್ತಾಗಬಾರದೆಂದು ಇದ್ದ ಮನುಷ್ಯ. ಯಾವುದೆಂದು ತ್ರಿವೇಣಿಗೆ ಇನ್ನೂ ತಿಳಿಯದು.

ಜೀಪು ಕೋಲಾರ ದಾಟಿ ಮುಳಬಾಗಿಲಿನ ಹೆದ್ದಾರಿ ಹಿಡಿಯಿತು. ದಾರಿಯುದ್ದಕ್ಕೂ ಅವಳಿಗೆ ಮೇಘನಳ ತಾಯಿ ಮುನಿಲಕ್ಷ್ಮಿಯದೇ ನೆನಪು. ಶ್ರೀನಿವಾಸಪುರ ತಾಲ್ಲೂಕಿನ ಚಿಂತಗುಟ್ಟಹಳ್ಳಿಯಲ್ಲಿ, ಮಗುವಿನ ಸ್ಕೂಲ್ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಳು ಮುಗಿದುಹೋಗಿತ್ತು. ಸುತ್ತಿ ಬಳಸಿ ಒಂದೇ ಮಾತು ಹೇಳುತ್ತಿದ್ದಳು.

“ನಾನು ಒಂದು ಸೂಜಿನೂ ತಪ್ಪಿಸ್ಲಿಲ್ಲ ಮೇಡಂ. ಮೂರು ಸಲನೂ ನಡೆಸ್ಕೊಂಡೇ ಕರ್ಕೊಂಡು ಹೋದೆ. ಒಂದೂ ತಪ್ಪಿಸ್ಲಿಲ್ಲ.”

*

ಆವಲಪ್ಪನವರು ದೇವರಾಯಸಮುದ್ರದಲ್ಲಿ ಅಕ್ಕ ದೊಡ್ಡಗಂಗಮ್ಮನ ಮನೆಯಲ್ಲಿದ್ದರು. ಮನೆಗೆ ಹೊಂದಿಕೊಂಡ ರೇಷ್ಮೆ ಹುಳುವಿನ ಕೊಟ್ಟಿಗೆಯಲ್ಲಿ, ಲುಂಗಿ ಉಟ್ಟು, ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದರು. ಐವತ್ತೆಂಟರ ವಯಸ್ಸು, ನೋಡಿದರೆ ಎಪ್ಪತ್ತು. ಜಗಲಿಯ ಮೇಲೆ ದೊಡ್ಡಗಂಗಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

ಪೊಲೀಸರನ್ನು ಕಂಡು ಆವಲಪ್ಪ ಚಾಕು ಕೆಳಗಿಟ್ಟು ಎದ್ದರು. ಬಟ್ಟೆ ಬದಲಿಸಿಕೊಂಡು ಬರಲೇ ಎಂದು ಕೇಳಿದರು, ಕರೆದೊಯ್ಯಲು ಬಂದಿದ್ದಾರೆಂದು ತಿಳಿದು.

“ಕೂತ್ಕೊಳ್ಳಿ ಸಾರ್,” ಎಂದಳು ತ್ರಿವೇಣಿ. ತಾನೂ ಒಂದು ಗೋಣಿತಾಟಿನ ಮೇಲೆ ಕೂತಳು. ಮೊಬೈಲಿನಲ್ಲಿ ಗೋಡೆಯ ಚಿತ್ರ ತೆಗೆದು ಅವರ ಮುಂದಿಟ್ಟಳು. “ಇದು ಚಿಕ್ಕಗಂಗಮ್ಮನ ಗೀಟು. ಇದು ನಿಮ್ಮ ವರದಿ. ಯಾವುದು ನಿಜ?”

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವಳು ಗೀಟು ಹಾಕುತ್ತಿದ್ದಳೆಂದು ಇಷ್ಟು ವರ್ಷ ತಮಗೆ ಗೊತ್ತೇ ಇರಲಿಲ್ಲ ಎಂದರು.

“ಅವಳದ್ದೇ ನಿಜ ಮೇಡಂ.”

ಆಮೇಲೆ ಯಾರೂ ಕೇಳದೆಯೇ ಅವರು ಹೇಳತೊಡಗಿದರು. ಕೋಲಾರದ ಕಾಲೇಜಿನಲ್ಲಿ ಓದಿ, ಮೊದಲು ಕೆಲಸಕ್ಕೆ ಸೇರಿದ ಪ್ರಯೋಗಾಲಯದಲ್ಲಿ ಲಸಿಕೆಯನ್ನು ಇನ್ನೂ ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದರು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿಕೊಂಡು ನರಳುವ ಮಕ್ಕಳನ್ನು ಅವರು ಕಂಡಿದ್ದರು. ಹೊಸ ಲಸಿಕೆ ಬಂತು, ಮಾಲೂರಿನ ಕಾರ್ಖಾನೆ ಬಂತು. ಮೂವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಲಸಿಕೆಗೆ ಬಲವಿದೆಯೇ ಇಲ್ಲವೇ ಎಂದು ಹೇಳುವುದು. ಅದಕ್ಕಾಗಿ ಬೆಳಗ್ಗೆ ಎದ್ದು ಸತ್ತ ಇಲಿಗಳನ್ನು ಎಣಿಸುವುದು.

ಇಲಿಗಳಿಲ್ಲದೆ ಅದನ್ನು ಹೇಳಲಾಗುವುದಿಲ್ಲವೇ ಎಂಬ ಪ್ರಶ್ನೆ ಅವರ ತಲೆ ಹೊಕ್ಕು ಹನ್ನೊಂದು ವರ್ಷವಾಗಿತ್ತು. ಸಣ್ಣ ಸಣ್ಣ ಗುಳಿಗಳಿರುವ ಒಂದು ಪಾರದರ್ಶಕ ತಟ್ಟೆ. ಲಸಿಕೆಯ ಹನಿ ಬಿಟ್ಟರೆ ಅದರ ಬಲಕ್ಕೆ ತಕ್ಕಂತೆ ಗುಳಿಯಲ್ಲಿ ಬಣ್ಣ ಗಾಢವಾಗುತ್ತದೆ. ಇನ್ನೂರ ಹನ್ನೆರಡು ಬ್ಯಾಚಿಗೆ ಅವರು ಎರಡೂ ಪರೀಕ್ಷೆ ಜೊತೆಜೊತೆಗೆ ಮಾಡಿ ನೋಡಿದ್ದರು. ಇಲಿಗಳು ನಾಲ್ಕು ವಾರಕ್ಕೆ ಹೇಳಿದ್ದನ್ನು ತಟ್ಟೆ ಒಂದೇ ದಿನದಲ್ಲಿ ಹೇಳುತ್ತಿತ್ತು. ಆದರೆ ತಟ್ಟೆಗೆ ಇನ್ನೂ ಒಪ್ಪಿಗೆ ಬಂದಿರಲಿಲ್ಲ. ನಿಯಮ ಕೇಳುತ್ತಿದ್ದುದು ಇಲಿಗಳನ್ನೇ.

“ಮಾರ್ಚಲ್ಲಿ ಏನಾಯ್ತು ಸಾರ್?”

ಆವಲಪ್ಪ ಒಂದು ಎಳೆ ಸೊಪ್ಪು ಎತ್ತಿಕೊಂಡು ಬೆರಳಲ್ಲಿ ಹೊಸೆದರು.

“ಹೋದ ವರ್ಷ ನಮ್ಮ ಮನೆಯವ್ರಿಗೆ ಲಕ್ವ ಹೊಡೀತು. ಗಂಗರತ್ನಮ್ಮ ಅಂತ. ನಲವತ್ತು ದಿನ ಮಲಗಿದ್ಲು. ಎರಡೂ ಕಾಲು ಎಳ್ಕೊಂಡು ಗೋಡೆ ಕಡೆಗೆ ಹೊರಳಕ್ಕೆ ನೋಡೋಳು, ಆಗ್ತಿರ್ಲಿಲ್ಲ.” ಅವರ ದನಿ ಕುಗ್ಗಿತು. “ಈ ರೋಗದಲ್ಲಿ ಇಲಿ ಹೆಂಗೆ ಸಾಯುತ್ತೆ ಗೊತ್ತಾ ಮೇಡಂ? ಮೊದಲು ಹಿಂಗಾಲು ಹೋಗುತ್ತೆ. ಎಳ್ಕೊಂಡು ಎಳ್ಕೊಂಡು ಗೂಡಿನ ಮೂಲೆಗೆ ಹೋಗುತ್ತೆ. ಮೂವತ್ತು ವರ್ಷ ಅದನ್ನ ನೋಡಿ ಪುಸ್ತಕದಲ್ಲಿ ಬರ್ಕೊಂಡಿದ್ದೀನಿ. ಅವಳು ಹೋದ್ಮೇಲೆ ನೋಡಕ್ಕಾಗ್ಲಿಲ್ಲ. ಆರು ತಿಂಗಳು ತಡ್ಕೊಂಡೆ. ಮಾರ್ಚಲ್ಲಿ ಸೂಜಿ ಕೈಗೆ ತಗೊಂಡೆ, ಹಾಕಕ್ಕಾಗ್ಲಿಲ್ಲ.”

ಮೂರು ಬ್ಯಾಚುಗಳನ್ನು ಅವರು ತಟ್ಟೆಯಲ್ಲೇ ನೋಡಿದರು. ತಟ್ಟೆ ಹೇಳಿದ ಅಂಕಿಗೆ ಹೊಂದುವಂತೆ ಇಲಿಗಳ ಸಾವನ್ನು ಕೂತು ಬರೆದರು. ಯಾವ ಗೂಡಿನಲ್ಲಿ ಯಾವ ದಿನ ಎಷ್ಟು ಎಂದು ಬರೆಯುವುದು ಅವರಿಗೆ ಕಷ್ಟವಾಗಲಿಲ್ಲ. ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು.

“ಯಾರಾದ್ರೂ ಹೀಗೆ ಮಾಡಿ ಅಂದ್ರಾ? ಕಾಂತರಾಜ್?”

“ಇಲ್ಲ. ಬೇಗ ಕೊಡಿ ಅಂತ ದಿನಾ ಅನ್ನೋರು, ಅಷ್ಟೇ. ಸುಳ್ಳು ಬರೆದಿದ್ದು ನಾನು.” ಅವರು ತಲೆ ತಗ್ಗಿಸಿದರು. “ಇನ್ನೂರ ಹನ್ನೆರಡು ಸಲ ಸರಿ ಹೇಳಿದ ತಟ್ಟೆ ಮುಂದಿನ ಸಲ ತಪ್ಪು ಹೇಳಲ್ಲ ಅಂತ ನಂಬಿದೆ. ಹೇಳ್ತು. ಒಂದು ಮಗು ಹೋಯ್ತು. ಇಲಿ ಮೇಲೆ ಕನಿಕರ ಪಟ್ಟು ಮಗುನ ಕೊಂದೆ.”

ಜಗಲಿಯಲ್ಲಿ ದೊಡ್ಡಗಂಗಮ್ಮನ ಕೈ ನಿಂತಿತ್ತು. ಅಕ್ಕ ತಮ್ಮ ಮನೆಯೊಳಗೆ ತೆಲುಗಿಗೆ ಜಾರುವವರು. “ಏಡವಕು ರಾ ತಮ್ಮುಡಾ,” ಎಂದಳು ಮೆಲ್ಲಗೆ. ಅಳಬೇಡವೋ ಎಂದು. ಅವರು ಅಳುತ್ತಿದ್ದಾರೆಂದು ತ್ರಿವೇಣಿಗೆ ಆಗಲೇ ತಿಳಿದದ್ದು.

*

ಮಾಲೂರಿನ ಠಾಣೆಯಿಂದ ಕಾನ್‌ಸ್ಟೇಬಲ್ ನಂದೀಶ್ ಫೋನ್ ಮಾಡಿದ್ದು ಆ ಹೊತ್ತಿಗೆ. ಸರ್ಕಾರಿ ಪ್ರಯೋಗಾಲಯದ ಉತ್ತರ ಬಂದಿದೆ ಎಂದ.

ಆರು ವಾರದ ಹಿಂದೆ ತ್ರಿವೇಣಿ ಅದೇ ಬ್ಯಾಚಿನ ಲಸಿಕೆಯನ್ನು ಎರಡು ಕಡೆಯಿಂದ ವಶಪಡಿಸಿಕೊಂಡು ಕಳಿಸಿದ್ದಳು: ಕಾರ್ಖಾನೆ ತನ್ನಲ್ಲಿ ಎತ್ತಿಟ್ಟುಕೊಂಡಿದ್ದ ಮಾದರಿ ಒಂದು, ಮೇಘನಳಿಗೆ ಸೂಜಿ ಹಾಕಿದ ಹಳ್ಳಿ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಉಳಿದಿದ್ದ ಸೀಸೆಗಳು ಇನ್ನೊಂದು. ಪ್ರಯೋಗಾಲಯದವರು ಎರಡನ್ನೂ ಇಲಿಗಳ ಮೇಲೇ ಪರೀಕ್ಷಿಸಿದ್ದರು.

ನಂದೀಶ್ ಓದಿ ಹೇಳಿದ ಅಂಕಿಗಳನ್ನು ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಅವುಗಳ ಅರ್ಥ ಹೇಳಬಲ್ಲವರು ಎದುರಿಗೇ ಇದ್ದರು.

“ಕಾರ್ಖಾನೆದು ನಾಲ್ಕು ಪಾಯಿಂಟ್ ಒಂದು. ಆಸ್ಪತ್ರೆದು ಮೂರು ಪಾಯಿಂಟ್ ಒಂಬತ್ತು. ಇದು ಏನು ಸಾರ್, ಕಮ್ಮಿನಾ?”

ಆವಲಪ್ಪ ಇನ್ನೊಮ್ಮೆ ಹೇಳಿ ಎಂದರು. ಅವಳು ಹೇಳಿದಳು.

“ಎರಡೂವರೆ ಇದ್ರೆ ಸಾಕು,” ಎಂದರು. ಆಮೇಲೆ ತಮಗೇ ಎಂಬಂತೆ, “ಮಾರ್ಚಲ್ಲಿ ನನ್ನ ತಟ್ಟೆ ನಾಲ್ಕು ಪಾಯಿಂಟ್ ಎರಡು ಅಂದಿತ್ತು,” ಎಂದರು.

ತ್ರಿವೇಣಿ ಅವರ ಮುಖವನ್ನೇ ನೋಡುತ್ತಿದ್ದಳು. ಹನ್ನೊಂದು ವರ್ಷದ ದುಡಿಮೆ ಸರಿಯೆಂದು ಸರ್ಕಾರವೇ ಬರೆದುಕೊಟ್ಟ ಗಳಿಗೆ ಅದು. ಲಸಿಕೆ ಕೆಟ್ಟಿರಲಿಲ್ಲ. ಅವರು ಮಗುವನ್ನು ಕೊಂದಿರಲಿಲ್ಲ. ಆ ಮುಖದಲ್ಲಿ ಮಾತ್ರ ಗೆಲುವಿನ ಗೆರೆಯೊಂದೂ ಮೂಡಲಿಲ್ಲ.

“ಹಂಗಾದ್ರೆ ಮಗು ಯಾಕೆ ಸತ್ತಿತು?” ಎಂದು ಕೇಳಿದರು. ಆಮೇಲೆ, ಮೂವತ್ತೊಂದು ವರ್ಷದ ಅಭ್ಯಾಸ ಮೈಗೆ ಮರಳಿದಂತೆ ಬೆನ್ನು ನೆಟ್ಟಗೆ ಮಾಡಿ ಕೂತರು. “ನಾಯಿ ಎಲ್ಲಿ ಕಚ್ಚಿತ್ತು?”

“ಮುಖಕ್ಕೆ. ಬಲಗಣ್ಣಿನ ಕೆಳಗೆ.”

ಅವರು ಉಸಿರು ಬಿಟ್ಟರು. ಮುಖದ ಗಾಯವೆಂದರೆ ಮೆದುಳು ಹತ್ತಿರ. ಲಸಿಕೆ ಮೈಯನ್ನು ಎಚ್ಚರಿಸುವಷ್ಟರಲ್ಲಿ ವಿಷಾಣು ಅಲ್ಲಿಗೆ ತಲುಪಿಬಿಡುತ್ತದೆ. ಅದಕ್ಕೇ ಮೊದಲ ದಿನವೇ ಲಸಿಕೆಯ ಜೊತೆಗೆ ಸೀರಂ ಎಂಬ ಇನ್ನೊಂದು ಔಷಧವನ್ನು ನೇರ ಗಾಯದ ಸುತ್ತಲೇ ಚುಚ್ಚಬೇಕು; ಅಲ್ಲಿಯ ವಿಷಾಣುವನ್ನು ಅಲ್ಲೇ ಕಟ್ಟಿಹಾಕುವುದು ಅದೊಂದೇ. ಇಷ್ಟನ್ನೂ ಅವರು ಪಾಠ ಹೇಳುವ ಮೇಷ್ಟರಂತೆ ನಿಧಾನವಾಗಿ ಹೇಳಿದರು.

“ಸೀರಂ ಹಾಕಿದ್ರಾ ಮೇಡಂ?”

ಹಾಕಿದ್ದಾರೆಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದಿದೆ ಎನ್ನಲು ಹೊರಟ ತ್ರಿವೇಣಿ ತಡೆದುಕೊಂಡಳು. ಕೈಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿ, ಮುನಿಲಕ್ಷ್ಮಿ ಹೇಳಿದ್ದನ್ನು ಹುಡುಕಿದಳು. ಅರ್ಥ ತಿಳಿಯದೆ, ತಾಯಿ ಆಡಿದ ಮಾತೆಂದು ಹಾಗೇ ಬರೆದುಕೊಂಡಿದ್ದಳು.

‘ಎಡ ತೋಳಿಗೊಂದು, ಬಲ ತೋಳಿಗೊಂದು. ಕಣ್ಣ ಹತ್ರ ಸೂಜಿ ಹಾಕ್ತಾರೇನೋ ಅಂತ ಮಗು ಹೆದರಿಬಿಟ್ಟಿತ್ತು. ಮುಖ ಮುಟ್ಟಲೇ ಇಲ್ಲ. ಹಾಕ್ಲಿಲ್ಲ ಅಂತ ಎಷ್ಟು ಖುಷಿ ಅದಕ್ಕೆ. ಬರೋವಾಗ ಐಸ್ ಕ್ಯಾಂಡಿ ಕೊಡಿಸ್ದೆ.’

ಅವಳು ಅದನ್ನು ಗಟ್ಟಿಯಾಗಿ ಓದಿದಳು.

“ಚೀಟಿ ಇದೆಯಾ?” ಎಂದರು ಆವಲಪ್ಪ.

ಅವಳು ಮೊಬೈಲಿನಲ್ಲಿ ಆಸ್ಪತ್ರೆ ಚೀಟಿಯ ಚಿತ್ರ ತೋರಿಸಿದಳು. ಅವರು ಕನ್ನಡಕ ಏರಿಸಿ, ಎರಡು ಬೆರಳಿನಿಂದ ಅಕ್ಷರ ದೊಡ್ಡದು ಮಾಡಿ ಓದಿದರು. ಲಸಿಕೆ, ಎರಡೂ ತೋಳು. ಸೀರಂ, ಗಾಯದ ಸುತ್ತ, ಕೊಟ್ಟಿದೆ. ಕೆಳಗೆ ನರ್ಸಿನ ಸಹಿ, ಹೆಸರಿಲ್ಲದ ಬರೀ ಗೀಚು.

ಅವರ ಬೆರಳು ಸಹಿಯ ಮೇಲೆ ನಿಂತುಬಿಟ್ಟಿತು.

ಅವರು ಒಮ್ಮೆ ಜಗಲಿಯ ಕಡೆ ನೋಡಿದರು, ಒಮ್ಮೆ ಮನೆಯೊಳಗಿನ ಕತ್ತಲ ಕಡೆ. ಮೊಬೈಲನ್ನು ಮಗುಚಿ ನೆಲದ ಮೇಲಿಟ್ಟರು.

“ಮೇಡಂ, ನನ್ನ ಪತ್ರ ನಿಮ್ಮ ಹತ್ರ ಇದೆಯಲ್ಲ,” ಎಂದರು. “ಅದೇ ಇರ್ಲಿ. ಲಸಿಕೆ ಸರಿ ಇರ್ಲಿಲ್ಲ ಅಂತಾನೇ ಬರ್ಕೊಳ್ಳಿ. ನಡೀರಿ, ನಾನು ಬರ್ತೀನಿ.”

“ಸಾರ್, ಈಗಷ್ಟೇ ನಿಮ್ಮ ತಪ್ಪಿಲ್ಲ ಅಂತ ಗೊತ್ತಾಯ್ತು.”

“ಸುಳ್ಳು ವರದಿ ಬರ್ದಿದ್ದು ನಾನೇ ತಾನೇ? ಮೂರು ದಿನದಿಂದ ಜೈಲಿಗೆ ಹೋಗಕ್ಕೆ ತಯಾರಾಗಿದ್ದೀನಿ. ನನಗೆ ಹಿಂದೆ ಮುಂದೆ ಯಾರಿದ್ದಾರೆ? ಕೈ ಮುಗೀತೀನಿ.”

ಅವರು ನಿಜವಾಗಿಯೂ ಕೈ ಮುಗಿದರು. ಹದಿನಾಲ್ಕು ವರ್ಷದ ಕೆಲಸದಲ್ಲಿ ತ್ರಿವೇಣಿ ತಪ್ಪು ಮಾಡಿಲ್ಲವೆಂದು ಕಾಲು ಹಿಡಿದವರನ್ನು ಕಂಡಿದ್ದಳು. ತಪ್ಪು ತನ್ನದೇ ಆಗಲಿ ಎಂದು ಅಂಗಲಾಚುವವರನ್ನು ಕಂಡಿರಲಿಲ್ಲ.

“ಯಾರ ಸಹಿ ಸಾರ್ ಅದು?”

ಉತ್ತರ ಬಂದದ್ದು ಬಾಗಿಲಿನಿಂದ. ಮೊರ ಹಿಡಿದುಕೊಂಡೇ ಎದ್ದು ಬಂದಿದ್ದ ದೊಡ್ಡಗಂಗಮ್ಮ, ಯಾವ ಆಸ್ಪತ್ರೆ ಎಂದು ಕೇಳಿದಳು. ತ್ರಿವೇಣಿ ಊರಿನ ಹೆಸರು ಹೇಳಿದಳು.

“ನಮ್ ರಂಜಿತ ಇರೋ ಆಸ್ಪತ್ರೆ,” ಎಂದಳು ದೊಡ್ಡಗಂಗಮ್ಮ. “ನನ್ನ ಮಗಳು. ಇವನೇ ನರ್ಸ್ ಓದಿಸಿದ್ದು.” ತಮ್ಮನ ಕಡೆ ತಿರುಗಿದಳು. “ಅವಳ ಸಹಿನಾ?”

ಆವಲಪ್ಪ ಕಣ್ಣು ಮುಚ್ಚಿಕೊಂಡರು. “ಅವಳದ್ದೇ ಅಕ್ಕ. ಸ್ಲೇಟಿನ ಮೇಲೆ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು. ನಂಗೆ ಗೊತ್ತಾಗಲ್ವಾ.”

“ಯಾವತ್ತಿಂದು ಆ ಚೀಟಿ?”

ತ್ರಿವೇಣಿ ಮೊಬೈಲ್ ಎತ್ತಿ ಓದಿದಳು. “ಸೆಪ್ಟೆಂಬರ್ ಹದಿನಾಲ್ಕು. ಭಾನುವಾರ. ಸಾಯಂಕಾಲ ನಾಲ್ಕೂ ಹತ್ತು.”

ದೊಡ್ಡಗಂಗಮ್ಮ ಮೊರವನ್ನು ನಿಧಾನವಾಗಿ ಕೆಳಗಿಟ್ಟಳು.

“ಆವತ್ತು ಗಂಗರತ್ನನ ವರ್ಷದ ತಿಥಿ,” ಎಂದಳು. “ರಂಜಿತ ಹಿಂದಿನ ದಿನಾನೇ ಬಂದ್ಳು. ಸೋಮವಾರ ಬೆಳಗ್ಗೆ ಬಸ್ಸಿಗೆ ಹೋಗಿದ್ದು. ನಾಲ್ಕು ಗಂಟೆಗೆ ಕೊನೆ ಪಂಕ್ತಿಗೆ ಅನ್ನ ಬಡಿಸ್ತಾ ಇದ್ದೋಳು ಅವಳೇ. ಊರೋರೆಲ್ಲ ನೋಡಿದ್ದಾರೆ.”

ಆವಲಪ್ಪ ಕಣ್ಣು ತೆರೆದರು. ಆ ದಿನವನ್ನು ಅವರು ಮರೆತಿರಲಿಲ್ಲ. ಚೀಟಿಯ ಮೇಲಿನ ತಾರೀಖನ್ನು ಮಾತ್ರ ನೋಡಿರಲಿಲ್ಲ. ಸಹಿ ಅವಳದ್ದೇ. ಆ ಹೊತ್ತಿಗೆ ಅವಳು ಇದ್ದದ್ದು ನಲವತ್ತು ಕಿಲೋಮೀಟರ್ ದೂರದ ಈ ಮನೆಯಲ್ಲಿ. ಹಾಗಾದರೆ ಮೇಘನಳ ತೋಳಿಗೆ ಸೂಜಿ ಹಾಕಿ, ಮುಖ ಮುಟ್ಟದೆ ಕಳಿಸಿದ ಕೈ ಯಾರದು? ಬಂದೇ ಇಲ್ಲದ ದಿನಕ್ಕೆ ರಂಜಿತಳಿಂದ ಸಹಿ ಹಾಕಿಸಿಕೊಂಡವರು ಯಾರು?

“ಅದಕ್ಕೇನಾ,” ಎಂದಳು ದೊಡ್ಡಗಂಗಮ್ಮ, ಯಾರಿಗೂ ಅಲ್ಲದಂತೆ, “ಎರಡು ತಿಂಗಳಿಂದ ಮನೆಗೆ ಬಂದಾಗೆಲ್ಲ ಊಟಕ್ಕೆ ಕೂತ್ರೆ ತಟ್ಟೆ ಬಿಟ್ಟು ಎದ್ದು ಹೋಗ್ತಾಳೆ. ನಿನ್ನೆ ಬಂದಾಗ್ಲೂ ಹಂಗೇ.”

“ಅವಳು ಈಗೆಲ್ಲಿದ್ದಾಳೆ ಅಮ್ಮ?” ತ್ರಿವೇಣಿ ಎದ್ದು ನಿಂತಳು.

ಅಕ್ಕ ತಮ್ಮ ಇಬ್ಬರ ನೋಟವೂ ಮನೆಯೊಳಗಿನ ಮುಚ್ಚಿದ ಕೋಣೆಯ ಕಡೆಗಿತ್ತು.

ಒಳಗಿನಿಂದ ಅಗುಳಿ ಸರಿದ ಸದ್ದಾಯಿತು.